ಶಿರಂಗಾಲದ ಕಡವಿನಲ್ಲಿ ಪೆಟ್ರೋಲಿನ ವಾಸನೆ

ದೋಣಿ ಹತ್ತಲು ಶಿರಂಗಾಲದ ಕಡವಿಗೆ ಬಂದಾಗ ಮುಸ್ಸಂಜೆ. ಹೊಳೆಯ ಮೇಲೆ ಮಂಜು ಕೂತಿತ್ತು. ಆಚೆ ದಡ ಮೈಸೂರು ಸೀಮೆ. ಅಲ್ಲಿ ನನ್ನ ಅಣ್ಣ ಕೊನೆಯುಸಿರು ಎಳೆಯುತ್ತಿದ್ದ. ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಇಲ್ಲಿನ ದೋಣಿಗೆ ಹೊಸದಾಗಿ ಮೋಟಾರು ಬಂದಿದೆ. ಅಂಬಿಗ ಮಾದಪ್ಪ ಯಾವಾಗಲೂ ಅದನ್ನು ಬಿಚ್ಚಿ ದಡಕ್ಕೆ ತಂದು, ಆಯಿಲ್ ಬೆರೆಸಿದ ಪೆಟ್ರೋಲು ತುಂಬುವವನು. ಇಂದು ನನ್ನ ಅವಸರಕ್ಕೆ ದೋಣಿಯಲ್ಲೇ ಸುರಿದ. ಒಂದಿಷ್ಟು ಚೆಲ್ಲಿ ಹಲಗೆಗಳ ಅಡಿಗೆ ಇಳಿಯಿತು. ಬಟ್ಟೆಯಿಂದ ಒರೆಸಿ, ಆವಿ ಆರಲೆಂದು ಕಾದು ಕೂತ.

“ಇದರ ಆವಿ ಮೇಲಕ್ಕೆ ಹೋಗಕ್ಕಿಲ್ಲ ಅಜ್ಜ, ದೋಣಿ ತಳದಲ್ಲೇ ಮಲಗಿರ್ತದೆ. ಒಂದು ಕಿಡಿ ಸಾಕು. ನಂಗೆ ನೆಗಡಿ, ಮೂಗು ಕಟ್ಟೈತೆ. ನೀವೇ ಬಗ್ಗಿ ಮೂಸಿ ನೋಡಿ.”

ಬಗ್ಗಿದೆ. ವಾಸನೆ ಮುಖಕ್ಕೆ ಬಡಿಯಿತು.

“ಏನೂ ಇಲ್ಲ” ಎಂದೆ.

ಅವನು ಚೋಕ್ ಹಾಕಿ ಹಗ್ಗ ಎಳೆದ. ಮೋಟಾರು ಕೆಮ್ಮಿ ನಿಂತಿತು. ಮತ್ತೆ ಎಳೆದಾಗ ಹಿಡಿಯಿತು. ಕಾಲಡಿಯ ವಾಸನೆ ನನ್ನ ಜೊತೆಯಲ್ಲೇ ಹೊಳೆ ದಾಟುತ್ತಿತ್ತು. ಅಷ್ಟರಲ್ಲಿ ಎದುರು ದಡದ ಮಂಜಿನೊಳಗೆ ಒಂದು ಲಾಟೀನು ಕಂಡಿತು. ಹಿಡಿದವರು ಕಾಣಲಿಲ್ಲ. ದೀಪ ಮಾತ್ರ ನೀರಿಗಿಳಿದು ನಮ್ಮ ಕಡೆ ಬರುತ್ತಿತ್ತು.

“ದೀಪ ಆರಿಸಿ, ದೋಣಿಯಲ್ಲಿ ಪೆಟ್ರೋಲು ವಾಸನೆ ಇದೆ” ಎಂದು ಕೂಗಿದೆ.

ಮಾದಪ್ಪ ಮೋಟಾರು ನಿಲ್ಲಿಸಿ ತಿರುಗಿದ. “ಆಗ ಇಲ್ಲ ಅಂದ್ರಲ್ಲ?”

“ಆಗಲೂ ಇತ್ತು ಮಾದಪ್ಪ.”

ದೋಣಿ ತಾನಾಗಿ ದೀಪದತ್ತ ಸಾಗುತ್ತಲೇ ಇತ್ತು. ಕೊನೆಗೆ ದೀಪ ಆರಿತು. ಆ ಕತ್ತಲಿಂದ ಅಣ್ಣನ ಮಗನ ದನಿ ಬಂತು:

“ನಿಧಾನಕ್ಕೆ ಬನ್ನಿ ಚಿಕ್ಕಪ್ಪ, ಇನ್ನು ಅವಸರ ಇಲ್ಲ.”

ಮಾದಪ್ಪ ಹುಟ್ಟು ಕೈಗೆತ್ತಿಕೊಂಡ.