ಕಪ್ಪುಪಟ್ಟಿಗೆ ಬಿದ್ದ ಆಮಂತ್ರಣ

ಕಳೆದ ಸೋಮವಾರ ನಾನು ಕಳಿಸಿದ ಪತ್ರವೊಂದು ಮುಖಕ್ಕೆ ಹೊಡೆದಂತೆ ವಾಪಸ್ ಬಂತು. ‘ನಿಮ್ಮ ಐಪಿ ವಿಳಾಸ ಬ್ಲಾಕ್‌ಲಿಸ್ಟ್‌ನಲ್ಲಿದೆ, ಮೇಲ್ ಸ್ವೀಕರಿಸುವುದಿಲ್ಲ.’ ಇಷ್ಟು ವರ್ಷ ಗೋಕಾಕದಲ್ಲಿ ಮರ್ಯಾದೆಯಿಂದ ಕನ್ನಡ ಪಾಠ ಮಾಡಿಕೊಂಡಿರುವ ನನ್ನನ್ನು ಯಾವ ಅಪರಾಧಕ್ಕೆ ಪಟ್ಟಿಗೆ ಸೇರಿಸಿದರು? ಸಿಟ್ಟು ನೆತ್ತಿಗೇರಿತು.

ಅದು ಸಾದಾ ಪತ್ರವಲ್ಲ. ಹುಕ್ಕೇರಿ ತಾಲೂಕಿನ ದಡ್ಡಿಯ ಲಕ್ಕವ್ವ ನನ್ನ ಹಳೆಯ ವಿದ್ಯಾರ್ಥಿನಿ, ಕುರಿ ಸಾಕುವ ಮನೆತನದವಳು. ಕಂಬಳಿ ನೇಯ್ಗೆಯ ಬಗ್ಗೆ ಸಂಶೋಧನೆ ಮಾಡಲು ಫೆಲೋಶಿಪ್‌ಗೆ ಅರ್ಜಿ ಹಾಕಿದ್ದಾಳೆ. ನನ್ನ ಶಿಫಾರಸು ಪತ್ರ ಶುಕ್ರವಾರದೊಳಗೆ ಮುಟ್ಟಬೇಕು, ಅದೂ ಕಾಲೇಜಿನ ಮೇಲ್‌ನಿಂದಲೇ. ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಕೂತು ಓದಿ ತಿಳಿದುಕೊಂಡೆ. ಮೇಲ್ ಹೋದಾಗ ಆ ಕಡೆಯ ಯಂತ್ರ ನಿಮ್ಮ ಹೆಸರು, ಡಿಗ್ರಿ ಏನೂ ಕೇಳುವುದಿಲ್ಲ. ಕಳಿಸಿದ ಕಂಪ್ಯೂಟರಿನ ನಂಬರ್ ನೋಡುತ್ತದೆ. ಆ ನಂಬರ್ ಕಪ್ಪುಪಟ್ಟಿಯಲ್ಲಿದ್ದರೆ ಬಾಗಿಲಲ್ಲೇ ‘ನಡಿ’ ಎನ್ನುತ್ತದೆ. ಇಡೀ ಕಾಲೇಜಿಗೆ ಇರುವುದು ಒಂದೇ ನಂಬರ್. ಯಾರೋ ಮಾಡಿದ್ದು, ಎಲ್ಲರೂ ಉಣ್ಣಬೇಕು.

ಹೊರಬರಲು ಒಂದು ಫಾರ್ಮ್ ಇದೆ. ತುಂಬಿದೆ. ಮಂಗಳವಾರ ಪಟ್ಟಿಯಿಂದ ತೆಗೆದೂಬಿಟ್ಟರು. ನಾನು ಖುಷಿಯಿಂದ ಪತ್ರ ಕಳಿಸುವಷ್ಟರಲ್ಲಿ ಮತ್ತೆ ಒಳಗೆ!

ಮಾಡಿದ್ದು ನಮ್ಮ ಗುಮಾಸ್ತ ಚನ್ನಬಸಪ್ಪ. ಪ್ರತಿ ವರ್ಷ ಸ್ನೇಹ ಸಮ್ಮೇಳನಕ್ಕೆ ಹಳೆಯ ವಿದ್ಯಾರ್ಥಿಗಳನ್ನು, ಶಿಕ್ಷಕರನ್ನು ಮೇಲ್‌ನಲ್ಲಿ ಕರೆಯುವುದು ಅವನ ಕೆಲಸ. ಮೊದಲ ಕಂತು ಹೋದದ್ದು ಅದರ ಹಿಂದಿನ ವಾರ, ಎರಡನೆಯದು ಮಂಗಳವಾರ. ಅವನ ಪಟ್ಟಿಗೆ ಹೆಸರು ಸೇರುತ್ತದೆ, ಹೊರಗೆ ಹೋಗುವುದಿಲ್ಲ. ಯಾರೂ ಬಳಸದೆ ಬಿಟ್ಟ ಮೇಲ್ ಪೆಟ್ಟಿಗೆಗಳನ್ನು ಕೆಲವು ಕಂಪನಿಗಳು ಮುಚ್ಚಿ, ಆಮೇಲೆ ಬಲೆಯಾಗಿ ತೆರೆದಿಡುತ್ತವಂತೆ. ಅಂಥದಕ್ಕೆ ಮೇಲ್ ಬಿತ್ತೆಂದರೆ, ಕಳಿಸುವವನು ಎದುರಿಗೆ ಯಾರಿದ್ದಾರೆಂದು ನೋಡುವುದೇ ಇಲ್ಲ ಎಂದರ್ಥ, ಅವನ ನಂಬರ್ ಕಪ್ಪುಪಟ್ಟಿಗೆ. ಯಾವ ವಿಳಾಸ ಬಲೆ ಎಂದು ಮಾತ್ರ ಹೇಳುವುದಿಲ್ಲ.

ಹಾಗಾಗಿ ಉತ್ತರ ಕೊಡದವರ ಹೆಸರನ್ನೆಲ್ಲ ತೆಗೆ ಎಂದೆ. ಚನ್ನಬಸಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಹೆಸರ ಹೊಡ್ಯಾಕ ನನ್ನ ಕಡಿಂದ ಆಗಾಂಗಿಲ್ರಿ ಸರ್. ಯಜಮಾನ ಹೋದ್ರೂ ಮನಿ ಅವರ ಹೆಸರಲೇನ ಇರತೈತಿ. ಕರಿಯೂದ ಬಿಟ್ರ ಸಂಬಂಧ ಹರದಂಗಲ್ಲೇನ್ರಿ?”

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಲಗ್ನಪತ್ರಿಕೆ ಹಂಚುವ ಪಟ್ಟಿಯಿಂದ ಯಾರನ್ನೂ ಕೈಬಿಡುವುದಿಲ್ಲ. (ತೀರಿಹೋದ ನಮ್ಮಪ್ಪನ ಹೆಸರಿಗೆ ಈಗಲೂ ಪತ್ರಿಕೆಗಳು ಬರುತ್ತವೆ, ನಾನೇ ಹೋಗಿ ಉಂಡು ಬರುತ್ತೇನೆ.) ಕೊನೆಗೆ ಲಕ್ಕವ್ವನ ಹೆಸರು ಹೇಳಿ ಒಪ್ಪಿಸಿದೆ. ಆದರೆ ಕೇಳದೆ ಹೊಡೆಯುವುದಿಲ್ಲ, ಪ್ರತಿಯೊಬ್ಬರಿಗೂ ಫೋನ್ ಮಾಡುತ್ತೇನೆ ಎಂದು ಹಟ ಹಿಡಿದ.

ಬುಧವಾರವೆಲ್ಲ ಫೋನ್. ಮೂಡಲಗಿಯ ಒಬ್ಬರು, ಆ ಮೇಲ್‌ನ ಪಾಸ್‌ವರ್ಡ್ ಮರೆತೇ ಹತ್ತು ವರ್ಷವಾಯಿತೆಂದು ನಕ್ಕರು. ಅಂಕಲಗಿಯವರೊಬ್ಬರಿಗೆ ತಮಗೆ ಮೇಲ್ ಇತ್ತೆಂಬುದೇ ನೆನಪಿರಲಿಲ್ಲ. ಸಂಜೆ ಹೊತ್ತಿಗೆ ಧುಪದಾಳದ ಪಾಟೀಲ ಸರ್ ಹೆಸರು ಬಂತು. ನಮ್ಮಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ತೀರಿಕೊಂಡು ಎಂಟು ವರ್ಷವಾಯಿತು, ಅವರ ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಫೋನ್ ಎತ್ತಿದ್ದು ಅವರ ಹೆಂಡತಿ ನೀಲಮ್ಮ. ಚನ್ನಬಸಪ್ಪ ತಡವರಿಸುತ್ತ, ಸಾಹೇಬರ ಹೆಸರು ತಾನು ಬಿಟ್ಟಿಲ್ಲ, ಪ್ರತಿ ವರ್ಷ ಕರೆದಿದ್ದೇನೆ ಎಂದ. ಸ್ಪೀಕರ್ ಹಾಕಿತ್ತು, ನನಗೂ ಕೇಳಿಸಿತು.

“ಎಂಟ ವರ್ಷದಾಗ ನನಗೇನೂ ಬಂದಿಲ್ಲಪಾ. ಒಮ್ಮೆರೆ ಮನಿಗೆ ಬಂದ ಹೇಳಿದ್ರ ನಾನರ ಬರತಿದ್ನಿ.”

ಪತ್ರಿಕೆಯಲ್ಲಿ ಹೆಸರು ಬರೆದರೆ ಮುಗಿಯಿತೇ? ಮನೆಗೆ ಹೋಗಿ, ಚಹಾ ಕುಡಿದು, ‘ಬರಬೇಕ್ರಿ’ ಎಂದು ಹೇಳಿ ಬರುವುದೂ ಆ ಪದ್ಧತಿಯಲ್ಲೇ ಇತ್ತಲ್ಲ? ಹೆಸರು ಹಿಡಿದುಕೊಂಡೆವು, ಹೋಗುವುದನ್ನು ಬಿಟ್ಟೆವು. ಧುಪದಾಳವೇನು ದೆಹಲಿಯೇ? ನನಗೆ ನಿಜಕ್ಕೂ ನಾಚಿಕೆಯಾಯಿತು.

ಫಾರ್ಮ್‌ನಲ್ಲಿ ಎರಡು ಪ್ರಶ್ನೆಗಳಿದ್ದವು: ತಪ್ಪು ಏನಾಗಿತ್ತು, ಏನು ಸರಿಪಡಿಸಿದಿರಿ? ಮೊದಲ ಸಲ ‘ನಮ್ಮದೇನೂ ತಪ್ಪಿಲ್ಲ’ ಎಂದು ಜಂಬದಿಂದ ಬರೆದಿದ್ದೆ. ಈ ಸಲ ಇದ್ದದ್ದನ್ನು ಇದ್ದಂತೆ ಬರೆದೆ: ಎದುರಿಗೆ ಯಾರಿದ್ದಾರೆಂದು ನೋಡದೆ ಕಳಿಸುತ್ತಿದ್ದೆವು; ಈಗ ಒಬ್ಬೊಬ್ಬರನ್ನೂ ಕೇಳಿ, ಬಳಕೆಯಲ್ಲಿಲ್ಲದ ವಿಳಾಸಗಳನ್ನು ತೆಗೆದಿದ್ದೇವೆ.

ಗುರುವಾರ ಉತ್ತರವಿಲ್ಲ. ಶುಕ್ರವಾರ ಬೆಳಿಗ್ಗೆಯೂ ಇಲ್ಲ. ಮಧ್ಯಾಹ್ನ ಬಿಡುಗಡೆಯಾಯಿತು, ಆ ಕ್ಷಣವೇ ಪತ್ರ ಕಳಿಸಿದೆ. ನಾಲ್ಕಕ್ಕೆ ಲಕ್ಕವ್ವ ಫೋನ್ ಮಾಡಿ, “ಮುಟ್ಟೇತಂತ್ರಿ ಸರ್” ಎಂದಳು.

ಭಾನುವಾರ ನಾನು, ಚನ್ನಬಸಪ್ಪ ಎಲೆ ಅಡಿಕೆ, ಸಮ್ಮೇಳನದ ಪತ್ರಿಕೆ ಹಿಡಿದು ಧುಪದಾಳಕ್ಕೆ ಹೋದೆವು. ಲಕೋಟೆಯ ಮೇಲಿದ್ದ ಗಂಡನ ಹೆಸರನ್ನು ನೀಲಮ್ಮ ಎರಡು ಸಲ ಓದಿ, ಚಹಾಕ್ಕಿಡಲು ಒಳಗೆ ಹೋದರು.

ನಮ್ಮದು ಮುಟ್ಟುತ್ತಿಲ್ಲ ಎಂದು ಯಂತ್ರ ಹೇಳಿದ್ದು ಸೋಮವಾರ. ಈ ಮನೆಗೆ ನಮ್ಮ ಕರೆ ಮುಟ್ಟದೆ ಎಂಟು ವರ್ಷವಾಗಿದ್ದು ನಮಗೇಕೆ ಗೊತ್ತಾಗಲಿಲ್ಲ?