ಅತ್ತೆಯ ಕೈ, ಅತ್ತೆಯ ಮುಖ

ನಮ್ಮ ಬೆಟಗೇರಿಯಲ್ಲಿ ಫೋಟೊ ಎಂದರೆ ಮುಖ. ಮುಖ ಎಂದರೆ ಎರಡು ಕಣ್ಣು, ಎರಡು ಕಿವಿ, ನಡುವೆ ನೆಟ್ಟಗೆ ಒಂದು ಮೂಗು. ಒಂದು ಕಿವಿ ಕಾಣದಿದ್ದರೂ ಗಿರಾಕಿಗಳು ಫೋಟೊ ವಾಪಸ್ ತರುತ್ತಾರೆ. ನನ್ನ ಗಂಡ ಗದಗದಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತನಕ ಮದುವೆಗಳ ಫೋಟೊ ತೆಗೆಯುತ್ತಾರೆ. ನಾನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವನ್ನು ತಿದ್ದುತ್ತೇನೆ. ಮುಚ್ಚಿದ ಕಣ್ಣು ತೆರೆಸುವುದು, ಮೊಡವೆ ಅಳಿಸುವುದು, ಪಂಕ್ತಿಯಲ್ಲಿ ಸಿಟ್ಟು ಮಾಡಿಕೊಂಡು ಕೂತ ಬೀಗರ ಮುಖಕ್ಕೆ ಇನ್ನೊಂದು ಫೋಟೊದಿಂದ ಅವರದೇ ನಗು ತಂದು ಅಂಟಿಸುವುದು, ಎಲ್ಲ ನನ್ನ ಕೆಲಸ. ಈ ಸೀಮೆಯಲ್ಲಿ ನನ್ನಿಂದ ಕಣ್ಣು ತೆರೆಸಿಕೊಂಡ ಮದುಮಕ್ಕಳಿಗೆ ಲೆಕ್ಕವಿಲ್ಲ. ಅವರಿಗೆ ಅದು ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು.

ಹೀಗೆ ಬೇರೆಯವರ ಮುಖ ತೊಳೆದು ತೊಳೆದು ಸಾಕಾಗಿ, ನನಗೆ ಬೇಕಾದ ಫೋಟೊ ನಾನೇ ತೆಗೆಯಬೇಕು, ಇಂಟರ್ನೆಟ್ಟಿನಲ್ಲಿ ಸ್ವಂತ ಅಂಗಡಿ ತೆರೆದು ಮಾರಬೇಕು ಎಂಬ ಹುಚ್ಚು ಹಿಡಿಯಿತು. ಹೊಲ, ಗುಡ್ಡ, ಕೆರೆ, ಹಳೆಯ ಬಾಗಿಲು ಇಂಥವು. ಗಂಡನಿಗೆ ಹೇಳಿದೆ. "ಅದನ್ನ ಯಾರು ತಗೋತಾರ? ಅದರಾಗ ಅವರ ಮಾರಿ ಇರೂದಿಲ್ಲಲ್ಲ" ಎಂದರು. ಅವರದು ವ್ಯಾಪಾರ ಬಲ್ಲವರ ಮಾತು, ತಪ್ಪೆನ್ನಲಾರೆ. ಆದರೆ ಆಗುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಅವತ್ತೇ ಕೆಲಸ ಶುರು.

ವೆಬ್‌ಸೈಟ್ ಕಟ್ಟುವುದು ಈಗ ಮೊದಲಿನಂತಲ್ಲ. ಸಿದ್ಧ ಮಾದರಿಗಳು ಸಿಗುತ್ತವೆ. ಒಂದನ್ನು ಆರಿಸಿಕೊಂಡು ಚೌಕಗಳ ಒಳಗೆ ಫೋಟೊ ಎಳೆದು ಬಿಟ್ಟರೆ ಮುಗಿಯಿತು. ಆದರೆ ನಾನು ಮದುವೆ ಆಲ್ಬಮ್ಮಿನ ಕೈ. ನನ್ನ ಮೊದಲ ವೆಬ್‌ಸೈಟಿನಲ್ಲಿ ಮೇಲಿನಿಂದ ಗುಲಾಬಿ ಪಕಳೆ ಉದುರುತ್ತಿದ್ದವು, ಕಪ್ಪತಗುಡ್ಡ ಕಮಲದ ಹೂವಿನೊಳಗಿಂದ ಅರಳುತ್ತಿತ್ತು, ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಹಕ್ಕಿಗಳು ಕೆಂಪು ಹೃದಯದೊಳಗೆ ಈಜುತ್ತಿದ್ದವು. ಹಿನ್ನೆಲೆಗೆ ಮದುವೆಮನೆಯ ಸನಾದಿ ವಾದ್ಯ. ಸಾಲದ್ದಕ್ಕೆ ಕ್ಯಾಮೆರಾದಿಂದ ಬಂದ ಫೋಟೊಗಳನ್ನು ಚಿಕ್ಕದು ಮಾಡದೆ ಹಾಗೇ ಏರಿಸಿದ್ದೆ. ತೆರೆಯಲು ಹೋದವರು ಚಹಾ ಕುಡಿದು ಬರಬಹುದಿತ್ತು.

ನನ್ನ ಗಂಡ ಗದಗದ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತು ಅದನ್ನು ಫೋನಿನಲ್ಲಿ ತೆರೆಯಲು ನೋಡಿದರು. ತೆರೆಯಲಿಲ್ಲ. ಬೇಸತ್ತು ಕಿಸೆಗೆ ಹಾಕಿಕೊಂಡರು. ಎಲ್ಲರೂ ಸುಮ್ಮನೆ ನಿಂತಿದ್ದ ಹೊತ್ತಿನಲ್ಲಿ ಕಿಸೆಯೊಳಗಿಂದ ಸನಾದಿ ಶುರುವಾಯಿತು. ಫೋನ್ ಹೊರಗೆ ತೆಗೆದರೂ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಹಿಂದೆ ನಿಂತವರು ಲಗ್ನ ಯಾವಾಗ ಎಂದು ಕೇಳಿದರಂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಸನಾದಿ ತಗಿ" ಎಂದರು. ನಾನು ನಕ್ಕು ನಕ್ಕು ಗೋಡೆ ಹಿಡಿದು ಕೂತೆ.

ಸನಾದಿಯ ಜೊತೆಗೆ ಗುಲಾಬಿಯೂ ಹೋಯಿತು, ಕಮಲವೂ ಹೋಯಿತು. ಮಧ್ಯಾಹ್ನ ಊಟವಾದ ಮೇಲೆ ವಿಡಿಯೊ ನೋಡಿ ನೋಡಿ ಕಲಿತೆ. ಬಿಳಿ ಹಿನ್ನೆಲೆ ಇಟ್ಟೆ. ಪರದೆಗೆ ಒಂದೇ ಫೋಟೊ, ಸುತ್ತ ಖಾಲಿ ಜಾಗ. ನೋಡುವುದಕ್ಕೆ ಹಗುರಾದ ಪ್ರತಿ ಬೇರೆ, ಮುದ್ರಿಸುವುದಕ್ಕೆ ದೊಡ್ಡ ಪ್ರತಿ ಬೇರೆ. ಯಾರೂ ಕದಿಯಬಾರದೆಂದು ಹಕ್ಕಿಗಳ ಮೈಮೇಲೆ ಅಡ್ಡಡ್ಡ ನಮ್ಮ ಫೋನ್ ನಂಬರು ಹಾಕಬೇಕೆಂದು ಗಂಡ ಹಟ ಹಿಡಿದಿದ್ದರು. ಮೂಲೆಯಲ್ಲಿ ಸಣ್ಣದಾಗಿ ಒಂದು ಗುರುತು ಹಾಕಿ ಅವರನ್ನು ಸಮಾಧಾನ ಮಾಡಿದೆ.

ಆ ಫೋಟೊಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಅತ್ತೆಯ ಕೈಗಳದು. ನಮ್ಮದು ನೇಕಾರರ ಹಳೆಯ ಮನೆ, ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮಾವ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಅತ್ತೆಯ ಕೈ ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯವರ ನೂಲು ತಂದು ರಾಟೆಯಲ್ಲಿ ಮಗ್ಗದ ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತ ಕೂಡುತ್ತಾರೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಬೆಳಕಿಂಡಿಯ ಬೆಳಕು ಸರಿಯಾಗಿ ಅವರ ಕೈಮೇಲೆ ಬೀಳುತ್ತದೆ. ನೆರಳು ತೀರ ಕಪ್ಪಾಗದಿರಲೆಂದು ಎದುರಿಗೆ ಮಾವನ ಬಿಳಿ ಧೋತರ ಹರವಿದೆ. ರಾಟೆ ತಿರುಗುವುದು ಮಸುಕಾಗಿ ಕಾಣಲಿ, ಬೆರಳು ಸ್ಪಷ್ಟವಾಗಿರಲಿ ಎಂದು ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಊರಿ, ಶಟರ್ ನಿಧಾನಕ್ಕೆ ಮುಚ್ಚುವಂತೆ ಇಟ್ಟು ತೆಗೆದೆ. ಕೆಂಪು ನೂಲು ಪರದೆಯಲ್ಲಿ ಗುಲಾಬಿಯಂತೆ ಕಂಡಿತು. ನೂಲಿನ ಎಳೆಯನ್ನೇ ಪರದೆಗೆ ಹಚ್ಚಿ ಹಿಡಿದು, ಎರಡೂ ಒಂದಾಗುವ ತನಕ ಬಣ್ಣ ತಿದ್ದಿದೆ. ಅತ್ತೆಯ ಮುಖ ಮೇಲೆ ಕತ್ತಲಲ್ಲಿತ್ತು. ಕತ್ತರಿಸಿ ಹಾಕಿದೆ. ಕೈ ಎದ್ದು ಬಂತು. ಅವತ್ತು ಎಷ್ಟು ಖುಷಿಯಾಗಿತ್ತೆಂದರೆ ಒಲೆಯ ಮೇಲಿನ ರೊಟ್ಟಿ ಸೀದದ್ದೂ ತಿಳಿಯಲಿಲ್ಲ.

ಗಂಡ ಆ ವೆಬ್‌ಸೈಟಿನ ಕೊಂಡಿಯನ್ನು ಬಂಧುಬಳಗದ ಫೋನ್ ಗುಂಪಿಗೆ ಕಳಿಸಿದರು. ಸಂಜೆಯೊಳಗೆ ಬೆಳ್ಳಟ್ಟಿಯಿಂದ ಅತ್ತೆಯ ತಂಗಿಯ ಫೋನು. ಅತ್ತೆಯ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ತಂಗಿ ಅದನ್ನು ಗುರುತು ಹಿಡಿದು, ಅಕ್ಕನ ಕೈಯನ್ನೇನೋ ನೋಡಿದೆ, ಅಕ್ಕ ಎಲ್ಲಿ ಎಂದು ಕೇಳಿದ್ದರು.

ಅತ್ತೆ ತೋರಿಸು ಎಂದರು. ತೋರಿಸಿದೆ. ಫೋನು ಕೈಗೆ ತೆಗೆದುಕೊಂಡು ಫೋಟೊವನ್ನು ಬೆರಳಿನಿಂದ ಕೆಳಗೆ ಎಳೆದರು. ತಲೆ ಮೇಲೆ ಎಲ್ಲೋ ಇರಬೇಕು, ಎಳೆದರೆ ಬಂದೀತು ಎಂದುಕೊಂಡಿದ್ದರು. ಮತ್ತೆ ಎಳೆದರು. ತಲೆಯ ಬದಲು ಮಾಗಡಿ ಕೆರೆಯ ಹಕ್ಕಿಗಳು ಬಂದವು.

"ನನ್ನ ತಲಿ ಎಲ್ಲೈತಿ?"

ನಾನು ವಿಡಿಯೊದಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ನೋಡುವವರ ಕಣ್ಣು ಒಂದೇ ಕಡೆ ನಿಲ್ಲಬೇಕು, ಬೇಡದ್ದನ್ನು ತೆಗೆಯುವುದೇ ಕಲೆ ಇತ್ಯಾದಿ. ಬೇಡದ್ದು ಎಂಬ ಮಾತು ಬಾಯಿಂದ ಹೋದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಪೂರಾ ಕೇಳಿಸಿಕೊಂಡು, "ಸತ್ತವರದೂ ಮಾರಿ ಇಡ್ತಾರ" ಎಂದು ಎದ್ದು ಹೋದರು.

ಅಲ್ಲಿಂದ ನನ್ನ ಜೊತೆ ಮಾತು ಬಂದ್. ನಮ್ಮ ಅತ್ತೆ ಸಿಟ್ಟಾದರೆ ಕೂಗಾಡುವವರಲ್ಲ, ಗೋಡೆಗೆ ಹೇಳುವವರು. ನಾನು ಎದುರಿಗೆ ನಿಂತಿದ್ದರೂ, ಚಹಾ ಆಗಿದೆ, ಬೇಕಾದವರು ಕುಡಿಯಲಿ ಎಂದು ಗೋಡೆಗೆ ತಿಳಿಸುತ್ತಿದ್ದರು. ನಾನೂ ಏನು ಕಡಿಮೆಯವಳಲ್ಲ, ಕುಡಿದಾಯಿತು ಎಂದು ಅದೇ ಗೋಡೆಗೆ ಹೇಳುತ್ತಿದ್ದೆ. ನಡುವೆ ಗಂಡ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಇಬ್ಬರನ್ನೂ ನೋಡುತ್ತಿದ್ದರು.

ಅದೇ ವಾರ ಆರ್ಡರ್ ಬಂತು. ಮೊದಲು ಯಾರೋ ಮೋಸಗಾರರೆಂದುಕೊಂಡೆ. ಅಲ್ಲ, ಖರೆಯೇ. ಪುಣೆಯ ಒಬ್ಬ ಹೆಣ್ಣುಮಗಳು, ಹೊಸ ಮನೆಯ ಗೋಡೆಗೆ ಬೇಕಂತೆ. ಇದ್ದಷ್ಟೂ ಫೋಟೊ ಬಿಟ್ಟು ಅವಳು ಆರಿಸಿದ್ದು ಅತ್ತೆಯ ಕೈ, ಅದೂ ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ. ಕುರ್ಚಿಯಿಂದ ಎದ್ದು ಕುಣಿದೆ. ಆಮೇಲೆ ಒಳಗಿಂದ ರಾಟೆಯ ಸಪ್ಪಳ ಕೇಳಿ ಕೂತುಬಿಟ್ಟೆ.

ಕಳಿಸಿಬಿಡು, ಅವ್ವನಿಗೆ ಹೇಗೆ ಗೊತ್ತಾಗುತ್ತದೆ ಎಂದರು ಗಂಡ. ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಮುಖ ತಿದ್ದುವವಳಿಗೆ ಒಂದು ವಿಷಯ ಗೊತ್ತಿರುತ್ತದೆ, ಮುಖ ಅವರವರದು, ಕೈಯೂ ಅವರವರದು. ಮಾರಬೇಕೆಂಬ ಆಸೆ ಬೆಟ್ಟದಷ್ಟಿತ್ತು. ಅತ್ತೆಯ ಕಣ್ಣು ತಪ್ಪಿಸಿ ಮಾರುವ ಧೈರ್ಯ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ. ಹೋಗಿ ರಾಟೆಯ ಎದುರಿಗೆ ಕೂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ನೀವು ಬೇಡ ಅಂದರೆ ಪುಣೆಯವರಿಗೆ ಇಲ್ಲ ಎಂದು ಬರೆಯುತ್ತೇನೆ, ವೆಬ್‌ಸೈಟಿನಿಂದಲೂ ತೆಗೆಯುತ್ತೇನೆ ಎಂದೆ.

ಅತ್ತೆ ರಾಟೆ ನಿಲ್ಲಿಸಿದರು. ಎದ್ದು ಟ್ರಂಕು ತೆಗೆದು, ಸೀರೆಗಳ ಕೆಳಗಿಂದ ತಮ್ಮ ಮದುವೆಯ ಫೋಟೊ ತಂದು ನನ್ನ ತೊಡೆಯ ಮೇಲಿಟ್ಟರು. ಮಾವ ನೆಟ್ಟಗೆ ನಿಂತಿದ್ದಾರೆ, ಎರಡೂ ಕಿವಿ ಸಮೇತ. ಪಕ್ಕದಲ್ಲಿ ಎದೆಯ ತನಕ ಸೆರಗು ಇಳಿಬಿಟ್ಟು ತಲೆ ತಗ್ಗಿಸಿದ ಮದುಮಗಳು. ಸೆರಗಿನ ಕೆಳಗೆ ಕಾಣುವುದು ಬಳೆ ತುಂಬಿದ ಎರಡು ಕೈ, ಒಂದು ಸೊಟ್ಟ ಕಿರುಬೆರಳು.

"ಆಗೂ ಬರೇ ಕೈ ಬಂದ್ವು. ಈಗೂ ಬರೇ ಕೈ ಬಂದ್ವು," ಎಂದರು ಅತ್ತೆ. "ನನಗೂ ಒಂದು ಮಾರಿ ಐತಿಲ್ಲೋ?"

ಆ ಫೋಟೊ ನನಗೆ ಹೊಸದಲ್ಲ. ಮಾವ ತೀರಿಕೊಂಡಾಗ ಮಾಲೆ ಹಾಕುವ ಫೋಟೊ ಮಾಡಲು ಅದರಿಂದಲೇ ಅವರನ್ನು ಬಿಡಿಸಿಕೊಂಡು, ಹಿಂದೆ ನೀಲಿ ಆಕಾಶ ಹಾಕಿದವಳು ನಾನು. ಅವರ ಮೀಸೆಯ ಒಂದೊಂದು ಕೂದಲನ್ನೂ ತಿದ್ದಿದ್ದೆ. ಪಕ್ಕದ ಅರ್ಧದ ಕಡೆ ಕಣ್ಣೇ ಹಾಯಿಸಿರಲಿಲ್ಲ. ಫೋಟೊದವರ ಮನೆಯಲ್ಲಿ, ಆಧಾರ್ ಕಾರ್ಡಿನಲ್ಲಿ ಬೆದರಿ ನೋಡುವ ಅದೊಂದು ಬಿಟ್ಟರೆ, ಈ ಹೆಂಗಸಿನ ಮುಖ ಎಲ್ಲೂ ಇರಲಿಲ್ಲ. ಪ್ರತಿ ಲಗ್ನದಲ್ಲೂ ಅವರು ಅಡುಗೆಮನೆಯಲ್ಲಿರುತ್ತಿದ್ದರು. ನನಗೆ ಅಳು ಬಂತು, ಅತ್ತೆಯ ಮುಂದೆಯೇ ಅತ್ತೆ.

ನನ್ನ ಅಳು ಮುಗಿಯುವ ತನಕ ಕಾದು ಅವರು ತೀರ್ಪು ಕೊಟ್ಟರು. "ಕೈ ಕಳಸು. ಆದ್ರ ಮಾರಿನೂ ಕಳಸು. ಯಾರ ಕೈ ಅಂತ ಅವರಿಗೆ ತಿಳೀಲಿ."

ಮರುದಿನ ಬೆಳಿಗ್ಗೆ ತಲೆಗೆ ಎಣ್ಣೆ ಒತ್ತಿ, ಇಳಕಲ್ ಸೀರೆ ಉಟ್ಟು, ಮೂಗುಬಟ್ಟು ತಿಕ್ಕಿ ತೊಳೆದು ಸಿದ್ಧವಾದರು. ಬೆಳಕಿಂಡಿಯ ಕೆಳಗೆ ಕೂಡಿಸಿದರೆ ಕಣ್ಣಿನ ಕೆಳಗೆ ಕುಳಿ ಬೀಳುತ್ತದೆ. ಅದಕ್ಕೆ ತಲಬಾಗಿಲಿನ ಒಳಗೆ, ಬೀದಿಯ ತಂಪು ಬೆಳಕು ಮುಖಕ್ಕೆ ಬರುವಂತೆ ಕೂಡಿಸಿದೆ. ಗಂಡ ಪಕ್ಕದಲ್ಲಿ ಆ ಬಿಳಿ ಧೋತರ ಹಿಡಿದು ನಿಂತರು. ಸ್ವಲ್ಪ ಓರೆಯಾಗಿ ನೋಡ್ರಿ, ಸುಮ್ಮನೆ ಮಾತಾಡ್ರಿ, ಸಹಜವಾಗಿ ಬರುತ್ತದೆ ಎಂದೆ. ಅತ್ತೆ ಒಪ್ಪಲಿಲ್ಲ. ಎರಡೂ ಕಿವಿ ಬರಬೇಕು. ಮೊಣಕಾಲ ಮೇಲೆ ಕೈ ಊರಿ, ಉಸಿರು ಹಿಡಿದು, ಲೆನ್ಸನ್ನು ದಿಟ್ಟಿಸಿ ನೋಡಿದರು. ಕಣ್ಣಿಗೆ ಫೋಕಸ್ ಮಾಡಿ ತೆಗೆದೆ.

ಅಷ್ಟರಲ್ಲಿ ಬೀದಿಯಿಂದ ಗಾಳಿ ನುಗ್ಗಿ ಧೋತರ ಗಂಡನ ತಲೆಗೆ ಸುತ್ತಿಕೊಂಡಿತು. ಅವರು ಒಳಗೇ ಕೈಕಾಲು ಬಡಿಯತೊಡಗಿದರು. ಅತ್ತೆ ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು, ಬಾಯಿ ತುಂಬ ನಕ್ಕರು. ಅದನ್ನೂ ತೆಗೆದೆ.

ಕಂಪ್ಯೂಟರಿನಲ್ಲಿ ಎರಡನ್ನೂ ತೋರಿಸಿದೆ. ನಗುವ ಫೋಟೊದಲ್ಲಿ ಮುಂದಿನ ಒಂದು ಹಲ್ಲು ಇಲ್ಲ. ಇದ್ದದ್ದು ಇದ್ದ ಹಾಗೇ ಚೆಂದ ಎಂದು ನಾನು ಬೇಡಿಕೊಂಡರೂ ಅತ್ತೆ ಕೇಳದೆ, ನನ್ನಿಂದ ಅಲ್ಲೊಂದು ಹಲ್ಲು ಹಚ್ಚಿಸಿದರು. ಹಚ್ಚಿದ್ದನ್ನು ಬಗ್ಗಿ ನೋಡಿ, ಇದು ಯಾರ ಹಲ್ಲು ಎಂದು ಕೇಳಿದರು. ಮುಂಡರಗಿಯ ಮದುಮಗಳದು ಎಂದೆ, ಸುಳ್ಳು ಹೇಳಲಿಲ್ಲ.

"ತಗೀ ಅದನ್ನ. ಆಕಿ ಹಲ್ಲು ಆಕಿಗಿರಲಿ," ಎಂದು ಮತ್ತೆ ನಕ್ಕರು.

ಪುಣೆಗೆ ಮಾತ್ರ ಗಂಭೀರದ್ದೇ ಹೋಗಬೇಕು ಎಂದರು. ಗುರುತಿಲ್ಲದವರ ಮುಂದೆ ಹಲ್ಲು ಕಿಸಿಯಬಾರದಂತೆ. ಎರಡು ಫೋಟೊಗಳನ್ನೂ ಹುಬ್ಬಳ್ಳಿಯ ಲ್ಯಾಬಿನಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಮುದ್ರಿಸಿ ತಂದು, ಸುರುಳಿ ಮಾಡಿ, ನಲ್ಲಿ ಜೋಡಿಸುವ ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ಇಳಿಸಿದೆ. ಅತ್ತೆ ಮೇಲೆ ಕೆಂಪು ನೂಲು ಸುತ್ತಿ ಗಂಟು ಹಾಕಿದರು. ಮುಖ ನಮ್ಮ ಅತ್ತೆಯವರ ಷರತ್ತು, ಅದಕ್ಕೆ ಬೆಲೆ ಇಲ್ಲ ಎಂದು ಒಂದು ಚೀಟಿ ಬರೆದು ಇಟ್ಟೆ.

ಆಮೇಲೆ ಪುಣೆಯಿಂದ ಒಂದು ಚಿತ್ರ ಬಂತು. ಅವರ ಗೋಡೆಯ ಮೇಲೆ ಎರಡು ಚೌಕಟ್ಟು. ಮೇಲೆ ಅತ್ತೆಯ ಮುಖ, ಕೆಳಗೆ ಅತ್ತೆಯ ಕೈ. ನೋಡಿದರೆ ಅತ್ತೆ ಆ ಗೋಡೆಯಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದಂತಿತ್ತು. ಬಂದವರೆಲ್ಲ ಮೊದಲು ಇವರು ಯಾರು ಎಂದು ಕೇಳಿ, ಆಮೇಲೆ ಕೈ ನೋಡುತ್ತಾರೆ ಎಂದು ಆ ಹೆಣ್ಣುಮಗಳು ಬರೆದಿದ್ದಳು. ಅತ್ತೆ ಎರಡು ಬೆರಳಿನಿಂದ ಚಿತ್ರ ಅಗಲಿಸಿ ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. ಮೇಲಿನದು ಸ್ವಲ್ಪ ವಾರೆಯಾಗಿದೆ, ಸರಿ ಮಾಡಲು ಹೇಳು ಎಂದರು. ಬರೆದೆ. ಅವಳು ಸರಿ ಮಾಡಿ ಇನ್ನೊಂದು ಚಿತ್ರ ಕಳಿಸಿದಳು. ಈಗ ನನ್ನ ವೆಬ್‌ಸೈಟಿನಲ್ಲೂ ಆ ಕೈಗಳನ್ನು ಒತ್ತಿದರೆ ಮುಖ ತೆರೆಯುತ್ತದೆ.

ಉಳಿದದ್ದು ನಗುವ ಫೋಟೊ. ಅದಕ್ಕೆ ಚೌಕಟ್ಟು ಹಾಕಿಸಿ, ಸುತ್ತಿಗೆ ಮೊಳೆ ಹಿಡಿದು ಎಲ್ಲಿ ಹಾಕಲಿ ಎಂದು ಕೇಳಿದೆ. ಮಾಲೆ ಹಾಕಿದ ಮಾವನ ಪಕ್ಕದಲ್ಲಿ ಬದುಕಿರುವವರ ಫೋಟೊ ಹಾಕಬಾರದೆಂದು ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲ ಮೇಲೆ ಇರಲಿ ಎಂದುಕೊಂಡಿದ್ದೆ. ಅತ್ತೆ ನೀಲಿ ಆಕಾಶದ ಮುಂದೆ ನಿಂತ ಮಾವನನ್ನು ನೋಡಿದರು, ಆಮೇಲೆ ಅದಕ್ಕೆ ಸರಿ ಎದುರಿನ ಗೋಡೆಯನ್ನು ತೋರಿಸಿದರು.

"ಅಲ್ಲಿ ಹಾಕು, ಅವರ ಎದುರಿಗೆ. ಲಗ್ನದ ದಿನಾ ಸೆರಗಿನ ಒಳಗ ಇಣುಕಿ ನೋಡಾಕ ಭಾಳ ಒದ್ದಾಡಿದ್ರು. ಈಗ ನಿವಾಂತ ನೋಡ್ಲಿ."