ಗದಗಿನಲ್ಲೂ ನಡೆಯುವ ವಿಮೆ

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ಎತ್ತಿ ಹಾಕಿದ ಮೇಲೆ, ಗದಗಿನಲ್ಲಿ ಟೀಚರ್ ಆಗಿರುವ ಹೆಂಡತಿಯ ಮುಖ ನಾನು ನೋಡುತ್ತಿದ್ದದ್ದೇ ಅವಳ ಮೊಣಕಾಲಿನ ದಯೆಯಿಂದ. ನಮ್ಮ ಆರೋಗ್ಯ ವಿಮೆ ಅವಳ ಊರಿನ ಯಾವ ಆಸ್ಪತ್ರೆಯಲ್ಲೂ ನಡೆಯುತ್ತಿರಲಿಲ್ಲ, ಇಲ್ಲಿ ನಡೆಯುತ್ತಿತ್ತು. ನೋವು ಹೆಚ್ಚಾದಾಗಲೆಲ್ಲ ಪಾಪ, ರೈಲು ಹತ್ತಿ ಬರುತ್ತಿದ್ದಳು. ಡಾಕ್ಟರ ಹತ್ತಿರ ಒಂದಿಷ್ಟು ಹೊತ್ತು. ಆಮೇಲೆ ಕತ್ತಲಾಗುವವರೆಗೆ ಕೃಷ್ಣೆಯ ದಡದಲ್ಲಿ, ಪೆಸರಟ್ಟು ತಿನ್ನುತ್ತಾ, ನನ್ನ ಪಕ್ಕದಲ್ಲಿ. ಆ ಮೊಣಕಾಲು ವಾಸಿಯಾಗದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ ಅನ್ನುವುದು ಶುದ್ಧ ಸುಳ್ಳು. ಬಹುಶಃ.

ಕೊನೆಗೆ ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಅದಕ್ಕೆ ದಿನ ಗೊತ್ತು ಮಾಡಲು ನಾನೊಬ್ಬನೇ ಹೋದಾಗ ಆಸ್ಪತ್ರೆಯ ವಿಮೆ ಕೌಂಟರಿನ ಹುಡುಗಿ ಸಂಭ್ರಮದಿಂದ ಹೇಳಿದಳು: "ಹೊಸ ನಿಯಮ ಬಂದಿದೆ ಸಾರ್. ಮೇಡಂ ಅವರ ಊರಲ್ಲೇ ಮಾಡಿಸಬಹುದು, ಕೈಯಿಂದ ಏನೂ ಕಟ್ಟಬೇಕಿಲ್ಲ."

"ಅಲ್ಲಿ ಆಗಲ್ಲ ಅಂತ ನೀನೇ ಅವಳಿಗೆ ಒಂದು ಮಾತು ಹೇಳಿಬಿಡಮ್ಮಾ," ಎಂದು ಫೋನು ಹಚ್ಚಿ ಕೊಟ್ಟೆ.

ಹುಡುಗಿ ತೆಲುಗಿನಲ್ಲಿ, ನನ್ನ ಹೆಂಡತಿಗೂ ಅರ್ಥವಾಗಲೆಂದು ನಿಧಾನವಾಗಿ, "ಗದಗಿನಲ್ಲೂ ಆಗುತ್ತೆ ಮೇಡಂ. ಆಗಲ್ಲ ಅಂತ ಹೇಳು ಅಂತಿದ್ದಾರೆ ಸಾರ್," ಎಂದಳು.

ಫೋನು ನನ್ನ ಕೈಗೆ ವಾಪಸ್ ಬಂತು.

"ಏನ್ರೀ, ಈ ಕಾಲು ಇಟ್ಕೊಂಡು ನಾ ಇನ್ನೂ ಎಷ್ಟ್ ಸಲ ರೈಲು ಹತ್ತಬೇಕು? ಈ ಸಲ ನೀವು ಬರ್ರಿ. ನಾ ಎದ್ದು ಅಡ್ಡಾಡೋತನಕ ಇರ್ರಿ."

ರಜೆ ಕೇಳಿದ್ದೇನೆ. ವಿಮೆ ಈಗ ಎಲ್ಲ ಊರಲ್ಲೂ ನಡೆಯುತ್ತದೆ. ನಮ್ಮ ಮ್ಯಾನೇಜರು ಮಾತ್ರ ಇನ್ನೂ ಹಳೆಯ ನಿಯಮದಲ್ಲೇ ಇದ್ದಾರೆ.